ಏನೂ ಮಾಡದ ಸ್ವಿಚ್

ಕೆಂಪು ಮೈ, ಅದರ ಮೇಲೆ ಯಾರೋ ಸಿಟ್ಟಿನಲ್ಲಿ ಗೀಚಿದಂಥ ಕಪ್ಪು ಬಿಳಿ ಪಟ್ಟೆ. ರಾಕ್ ಸಂಗೀತದ ಗಂಧಗಾಳಿ ಇಲ್ಲದವರೂ ಟೀ ಶರ್ಟಿನ ಮೇಲೋ ಫೋನಿನ ಕವರಿನ ಮೇಲೋ ಅದನ್ನು ನೋಡಿರುತ್ತಾರೆ. ಅಮೆರಿಕದ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹ್ಯಾಲೆನ್‌ನ ಗಿಟಾರ್ ಅದು, ಹೆಸರು ಫ್ರ್ಯಾಂಕನ್‌ಸ್ಟೈನ್. ಎಡ್ಡಿ 2020ರ ಅಕ್ಟೋಬರ್ 6ರಂದು ತೀರಿಕೊಂಡ, 65ನೇ ವಯಸ್ಸಿಗೆ. ಅವನ ಹೆಸರಿನ ಇವಿಎಚ್ ಬ್ರ್ಯಾಂಡ್ ಈಗಲೂ ಆ ಪಟ್ಟೆಯ ಗಿಟಾರುಗಳನ್ನು ಮಾರುತ್ತಿದೆ. ಅದರಲ್ಲಿ 'ಫ್ರ್ಯಾಂಕಿ' ಅನ್ನುವ ಮಾದರಿಯನ್ನು ಹತ್ತಿರದಿಂದ ನೋಡಿದರೆ ಕತ್ತಿನ ಪಕ್ಕ ಒಂದು ಸಣ್ಣ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಭಾಗ) ಕೂತಿದೆ. ನಡುವಿನ ಪಿಕಪ್ಪಿಗೆಂದು ಕೊರೆದ ಗುಂಡಿಯಲ್ಲಿ, ಯಾವ ಪಿಕಪ್ ನುಡಿಯಬೇಕೆಂದು ಆರಿಸುವ ಸೆಲೆಕ್ಟರ್ ಸ್ವಿಚ್ಚನ್ನು ತುರುಕಿದ್ದಾರೆ. ಪಿಕಪ್ಪಿನಿಂದ ವೈರು ಎಲ್ಲಿಗೂ ಹೋಗುವುದಿಲ್ಲ. ಸ್ವಿಚ್ಚನ್ನು ಆಚೆ ಈಚೆ ಎಷ್ಟು ಎಳೆದರೂ ಸದ್ದಿನಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ.

ಇದು ತಯಾರಿಕೆಯ ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಮೂಲ ಗಿಟಾರಿನಲ್ಲೂ ಅವೆರಡು ಸತ್ತ ಭಾಗಗಳೇ. 1978ರಲ್ಲಿ ಅವನ ಬ್ಯಾಂಡ್ ವ್ಯಾನ್ ಹ್ಯಾಲೆನ್ ಮೊದಲ ಆಲ್ಬಮ್ ತಂದ ಮೇಲೆ ಅಂಥದ್ದೇ ಪಟ್ಟೆ, ಅಂಥದ್ದೇ ಒಂಟಿ ಪಿಕಪ್ಪಿನ ಗಿಟಾರುಗಳು ಪೇಟೆಯಲ್ಲಿ ಕಾಣಿಸತೊಡಗಿದಾಗ, ನಕಲು ಮಾಡುವವರ ದಾರಿ ತಪ್ಪಿಸಲೆಂದು ಎಡ್ಡಿ ಆ ಪಿಕಪ್ಪನ್ನೂ ಸ್ವಿಚ್ಚನ್ನೂ ಸುಮ್ಮನೆ ಅಲ್ಲಿಟ್ಟ. ಈಗ ಅದೇ ಬೆದರುಬೊಂಬೆಯನ್ನು ಕಾರ್ಖಾನೆಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ ಕಳಿಸುತ್ತಾರೆ, ನಾವು ದುಡ್ಡು ಕೊಟ್ಟು ಕೊಳ್ಳುತ್ತೇವೆ. ಸತ್ತ ಮೇಲೂ ಒಬ್ಬ ಗಿಟಾರ್ ವಾದಕನ ಪ್ರಭಾವ ಉಳಿಯುವುದು ಅಂದರೆ ಇದೇನಾ ಎಂಬ ಪ್ರಶ್ನೆಗೆ ಹೌದು ಅನ್ನುವುದೂ ಕಷ್ಟ, ಅಲ್ಲ ಅನ್ನುವುದೂ ಕಷ್ಟ. ಅವನಿಂದ ಉಳಿದಿರುವುದರಲ್ಲಿ ಒಂದು ಪಾಲು ನಿಜಕ್ಕೂ ಕೆಲಸ ಮಾಡುತ್ತಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳುವ ಪಾಲು ಬಹುಮಟ್ಟಿಗೆ ಆ ಸ್ವಿಚ್ಚಿನಂಥದ್ದು.

ನೂರಮೂವತ್ತು ಡಾಲರ್

1970ರ ದಶಕದ ನಡುವಿನಲ್ಲಿ ಪೇಟೆಯಲ್ಲಿ ಎರಡು ಜಾತಿಯ ಗಿಟಾರುಗಳಿದ್ದವು. ಗಿಬ್ಸನ್‌ದು ದಪ್ಪ ದನಿ. ಅದರ ಹಂಬಕರ್ ಪಿಕಪ್ಪಿನಲ್ಲಿ ಎರಡು ಸುರುಳಿಗಳಿದ್ದು ಕರೆಂಟಿನ ಗುಂಯ್‌ಗುಡುವಿಕೆಯನ್ನು ಒಂದಕ್ಕೊಂದು ಹೊಡೆದುಹಾಕುತ್ತವೆ. ಫೆಂಡರ್ ಸ್ಟ್ರಾಟೊಕಾಸ್ಟರ್‌ದು ತೆಳು ದನಿ, ಆದರೆ ಅದಕ್ಕೆ ಟ್ರೆಮೊಲೊ ಹಿಡಿಕೆ ಇತ್ತು, ಒತ್ತಿದರೆ ಸ್ವರ ಪಾತಾಳಕ್ಕಿಳಿಯುತ್ತಿತ್ತು. ಎಡ್ಡಿಗೆ ಎರಡೂ ಬೇಕಿತ್ತು, ಎರಡೂ ಇರುವ ಗಿಟಾರ್ ಅಂಗಡಿಯಲ್ಲಿ ಇರಲಿಲ್ಲ. ಗಂಟು ಬಿದ್ದಿದೆಯೆಂದು ಬದಿಗಿಟ್ಟಿದ್ದ ಆಶ್ ಮರದ ಮೈಯೊಂದನ್ನು 50 ಡಾಲರಿಗೆ, ಮೇಪಲ್ ಕತ್ತೊಂದನ್ನು 80 ಡಾಲರಿಗೆ ತಂದ. ತನ್ನ ಗಿಬ್ಸನ್ ಇಎಸ್-335ರಿಂದ ಪಿಕಪ್ಪನ್ನು ಕಿತ್ತ. ಮೂರು ಸಣ್ಣ ಪಿಕಪ್ಪುಗಳಿಗೆ ಕೊರೆದಿದ್ದ ಗುಂಡಿಯನ್ನು ಉಳಿ ಹಿಡಿದು ಅಗಲ ಮಾಡಿದ. ವಾಲ್ಯೂಮ್ ಗುಂಡಿ ಒಂದೇ, ಟೋನ್ ಇಲ್ಲ. ಉಳಿದ ವೈರುಗಳನ್ನು ಹೇಗೆ ಕೂಡಿಸಬೇಕು ಅನ್ನುವುದು ಗೊತ್ತಾಗಲಿಲ್ಲ ಎಂದು ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ಆ ಒಂದೇ ಗುಂಡಿಯ ತಲೆಯ ಮೇಲೆ 'ಟೋನ್' ಎಂದು ಬರೆದಿದೆ. ಕೈಗೆ ಸಿಕ್ಕ ಟೊಪ್ಪಿಗೆ ಅದು, ಅಷ್ಟೇ.

ಪಿಕಪ್ಪು ಓರೆಯಾಗಿ ಕೂತಿರುವುದಕ್ಕೂ ಕಾರಣವಿದೆ. ಗಿಬ್ಸನ್ ಪಿಕಪ್ಪಿನಲ್ಲಿ ತಂತಿಗೊಂದರಂತೆ ಸಣ್ಣ ಲೋಹದ ಕಂಬಗಳಿವೆ, ಮೊದಲ ಕಂಬದಿಂದ ಆರನೆಯದಕ್ಕೆ ಸುಮಾರು 49 ಮಿ.ಮೀ. ಫೆಂಡರ್ ಗಿಟಾರಿನ ಸೇತುವೆಯ, ಅಂದರೆ ತಂತಿಗಳ ಬುಡ ಕೂರುವ ಲೋಹದ ಭಾಗದ, ಮೇಲೆ ತಂತಿಗಳು ಅದಕ್ಕಿಂತ ಅಗಲವಾಗಿ ಹರಡಿಕೊಂಡಿರುತ್ತವೆ. ನೇರ ಕೂರಿಸಿದರೆ ಎರಡೂ ತುದಿಯ ತಂತಿಗಳು ಕಂಬದಿಂದ ಹೊರಗೆ ಜಾರುತ್ತವೆ. ಅದಕ್ಕೆ ತಿರುಗಿಸಿ ಕೂರಿಸಿದ, ಎರಡು ಸುರುಳಿಗಳಲ್ಲಿ ಯಾವುದಾದರೊಂದರ ಕಂಬ ತುದಿಯ ತಂತಿಗೆ ಹತ್ತಿರವಾಗಲಿ ಎಂದು. ಇವತ್ತು 51ರಿಂದ 53 ಮಿ.ಮೀ. ಅಗಲದ ಹಂಬಕರುಗಳು ಎಲ್ಲ ಕಡೆ ಸಿಗುತ್ತವೆ, ಓರೆ ಮಾಡುವ ಅಗತ್ಯವೇ ಇಲ್ಲ. ಆದರೂ ಓರೆ ಮಾಡುತ್ತಾರೆ. ಸ್ವಿಚ್ಚಿನ ತಮ್ಮ ಇದು.

ಆದರೆ ಅಂಗಡಿಯ ಗೋಡೆಯ ಮೇಲೆ ನೇತುಹಾಕಿರುವ ಬೇರೆ ಗಿಟಾರುಗಳನ್ನು ನೋಡಿ, ಪಟ್ಟೆ ಇಲ್ಲದವನ್ನು. ಸ್ಟ್ರಾಟ್ ಆಕಾರದ ಮೈ, ಸೇತುವೆಯ ಪಕ್ಕ ಹಂಬಕರ್, ತೆಳುವಾದ ಕತ್ತು, ದಪ್ಪ ಫ್ರೆಟ್ಟು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ತಂತಿಗಳಿಗೆ ಬೀಗ ಹಾಕುವ ಟ್ರೆಮೊಲೊ. 'ಸೂಪರ್‌ಸ್ಟ್ರಾಟ್' ಎಂದು ಕರೆಯುವ ಈ ಇಡೀ ವಂಶ ಆ 130 ಡಾಲರಿನ ಮರದಿಂದ ಹುಟ್ಟಿದ್ದು. ಕ್ರೇಮರ್, ಷಾರ್ವೆಲ್, ಜಾಕ್ಸನ್, ಐಬನೀಜ್ ಎಲ್ಲವೂ 80ರ ದಶಕವನ್ನು ಕಳೆದದ್ದು ಇದನ್ನೇ ತಿದ್ದಿ ತೀಡುತ್ತ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಹುಡುಗಿ ವ್ಯಾನ್ ಹ್ಯಾಲೆನ್ ಹೆಸರನ್ನೇ ಕೇಳಿರಲಿಕ್ಕಿಲ್ಲ. ಅವಳ ಕೈಯಲ್ಲಿರುವುದು ಬಹುತೇಕ ಅವನದೇ ಲೆಕ್ಕಾಚಾರ.

ಇನ್ನೊಂದು ತುದಿಯನ್ನೂ ಹೇಳಿಬಿಡಬೇಕು. 2007ರಲ್ಲಿ ಫೆಂಡರ್ ಕಂಪನಿ ಫ್ರ್ಯಾಂಕನ್‌ಸ್ಟೈನ್‌ನ 300 ಪಡಿಯಚ್ಚುಗಳನ್ನು ಮಾಡಿತು, ಗೀರು, ಸುಟ್ಟ ಕಲೆ ಎಲ್ಲವನ್ನೂ ಅಳೆದು ತೂಗಿ. ಬೆಲೆ ತಲಾ 25,000 ಡಾಲರ್. 2023ರ ಏಪ್ರಿಲ್‌ನಲ್ಲಿ ಸೋದಬೀಸ್ ಹರಾಜಿನಲ್ಲಿ ಅವನ ಒಂದು ಕ್ರೇಮರ್ ಗಿಟಾರ್ 39 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅಂಗಡಿಯದ್ದು ದುಬಾರಿ, ಅದೂ ಅರೆಬರೆ ಎಂದು ಕೈಯಾರೆ ಕೆತ್ತಿಕೊಂಡವನ ವಸ್ತು ಇವು.

ಮೇಣದ ಡಬ್ಬಿ

ನನ್ನ ಮಟ್ಟಿಗೆ ಎಡ್ಡಿಯ ಕತೆಯಲ್ಲಿ ಅತಿ ಮುಖ್ಯವಾದ ಚಿತ್ರ ವೇದಿಕೆಯ ಮೇಲಿನದಲ್ಲ. ಒಂದು ಕಾಫಿ ಡಬ್ಬಿ, ಅದರೊಳಗೆ ಕರಗಿದ ಪ್ಯಾರಫಿನ್ ಮೇಣ, ಆ ಮೇಣದಲ್ಲಿ ಮುಳುಗಿದ ಪಿಕಪ್ಪು. ಪಕ್ಕದಲ್ಲಿ ಕರಗಿ ಸೊಟ್ಟಗಾದ ಇನ್ನೊಂದಷ್ಟು ಪಿಕಪ್ಪುಗಳು. ಎಷ್ಟೋ ಒಳ್ಳೆಯ ಪಿಕಪ್ಪುಗಳನ್ನು ಹಾಗೆ ಹಾಳುಮಾಡಿದೆ ಎಂದು ಅವನು ಒಪ್ಪಿಕೊಂಡದ್ದಿದೆ.

ಸಮಸ್ಯೆ ಇದು. ಪಿಕಪ್ಪಿನ ಸುರುಳಿ ಎಂದರೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಸುತ್ತುಗಳು ಸಡಿಲವಿದ್ದರೆ ಆಂಪ್ಲಿಫೈಯರಿನ ಜೋರಿಗೆ ಅವೂ ನಡುಗುತ್ತವೆ. ನಡುಕ ಮತ್ತೆ ವಿದ್ಯುತ್ತಾಗಿ ಆಂಪಿಗೆ ಹೋಗುತ್ತದೆ, ಆಂಪಿನಿಂದ ಮತ್ತೆ ಪಿಕಪ್ಪಿಗೆ. ಫಲ, ಕಿವಿಯನ್ನು ಸೀಳುವ ಕೀರಲು. ತಂತಿ ಅನುರಣಿಸಿ ಬರುವ ಇಂಪಾದ ಫೀಡ್‌ಬ್ಯಾಕ್ ಬೇರೆ, ಇದು ಬೇರೆ. ನಿಮ್ಮ ಪಿಕಪ್ಪಿಗೆ ಈ ರೋಗ ಇದೆಯೇ ಎಂದು ತಿಳಿಯಲು ಆಂಪಿನ ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಗುಂಡಿ) ಏರಿಸಿ, ತಂತಿಗಳನ್ನು ಅಂಗೈಯಿಂದ ಮುಚ್ಚಿ, ಪಿಕಪ್ಪಿನ ಹತ್ತಿರ ಬಾಯಿಟ್ಟು ಮಾತಾಡಿ. ನಿಮ್ಮ ದನಿ ಸ್ಪೀಕರಿನಲ್ಲಿ ಕೇಳಿದರೆ ರೋಗ ಇದೆ. ಕೇಳದಿದ್ದರೆ ಮುಟ್ಟಲು ಹೋಗಬೇಡಿ, ಇವತ್ತಿನ ಬಹುಪಾಲು ಪಿಕಪ್ಪುಗಳು ಮೇಣ ಕುಡಿದೇ ಬಂದಿರುತ್ತವೆ.

ಇದ್ದರೆ ಮದ್ದು ಹೀಗೆ. ಎಂಟು ಪಾಲು ಪ್ಯಾರಫಿನ್, ಎರಡು ಪಾಲು ಜೇನುಮೇಣ. ಬರೀ ಪ್ಯಾರಫಿನ್ ಆರಿದ ಮೇಲೆ ಬಿರುಕು ಬಿಡುತ್ತದೆ, ಜೇನುಮೇಣ ಅದಕ್ಕೆ ಜಿಗುಟು ಕೊಡುತ್ತದೆ. ಶಿರಸಿ, ಕೊಡಗಿನ ಕಡೆಯವರಿಗೆ ಜೇನುಮೇಣ ಹುಡುಕುವ ತೊಂದರೆ ಇಲ್ಲ. ಮೇಣದ ಪಾತ್ರೆಯನ್ನು ನೇರವಾಗಿ ಒಲೆಯ ಮೇಲಿಡಬಾರದು. ಹೆಚ್ಚು ಕಾದರೆ ಅದರ ಆವಿ ಹೊತ್ತಿಕೊಳ್ಳುತ್ತದೆ, ಆಮೇಲೆ ನೀರು ಸುರಿದರೆ ಇನ್ನೂ ಅನಾಹುತ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಡಬ್ಬಿ. ಅಡುಗೆಯ ಥರ್ಮಾಮೀಟರ್ ಇಟ್ಟುಕೊಂಡು 60ರಿಂದ 65 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಬೇಕು. ಹಳೆಯ ಗಿಬ್ಸನ್ ಪಿಕಪ್ಪಿನಲ್ಲಿ ತಂತಿ ಸುತ್ತಿರುವ ಬಾಬಿನ್ನಿನ ಪ್ಲಾಸ್ಟಿಕ್ಕು ಅದಕ್ಕಿಂತ ಹೆಚ್ಚಾದರೆ ಮೆತ್ತಗಾಗಿ ಬಾಗುತ್ತದೆ, ಬಾಗಿದರೆ ಒಳಗಿನ ತಂತಿ ತುಂಡಾಗುತ್ತದೆ. ಎಡ್ಡಿಯ ಡಬ್ಬಿಯಲ್ಲಿ ಆದದ್ದು ಇದೇ. ಪಿಕಪ್ಪನ್ನು ವೈರು ಹಿಡಿದು ಇಳಿಬಿಡಿ. ಸಣ್ಣ ಗುಳ್ಳೆಗಳು ಏಳುತ್ತವೆ, ಅದು ಸುತ್ತುಗಳ ನಡುವಿನ ಗಾಳಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಗುಳ್ಳೆ ನಿಲ್ಲುತ್ತದೆ. ಎತ್ತಿ, ಹೊರಗಿನ ಮೇಣವನ್ನು ಬಟ್ಟೆಯಿಂದ ಒರೆಸಿ, ತಾನಾಗಿ ಆರಲು ಬಿಡಿ. ಬೇಗ ಆರಲೆಂದು ಫ್ರಿಜ್ಜಿನಲ್ಲಿಟ್ಟರೆ ಮೇಣ ಕುಗ್ಗಿ ಮತ್ತೆ ಸಂದು ಬಿಡುತ್ತದೆ.

ಮೇಣ ಹಾಕುವುದನ್ನು ಎಡ್ಡಿ ಕಂಡುಹಿಡಿದ ಎಂದರೆ ತಪ್ಪಾಗುತ್ತದೆ. ಅವನು ಮಾಡಿದ್ದು ಬೇರೆ. ವಾದಕ ವಾದ್ಯವನ್ನು ಬಿಚ್ಚಬಹುದು, ಬಿಚ್ಚಿ ಕೆಡಿಸಲೂಬಹುದು ಎಂಬ ಸಲುಗೆಯನ್ನು ಒಂದು ಇಡೀ ಪೀಳಿಗೆಗೆ ಕೊಟ್ಟ. ಅವನಿಗಿಂತ ಮುಂಚೆ ಗಿಟಾರ್ ಕೊಂಡವನು ಅದನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದ. ಅವನ ನಂತರ ಕೊಂಡವನ ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು.

89 ಮತ್ತು 140

ಪ್ರಭಾವದ ಮಾತು ಬಂದಾಗ ಪ್ರಭಾವದಿಂದ ಸುಟ್ಟುಹೋದ ಆಂಪ್ಲಿಫೈಯರುಗಳ ಲೆಕ್ಕವನ್ನೂ ಇಡಬೇಕಲ್ಲವೇ?

ಎಡ್ಡಿಯ ಆಂಪು 100 ವಾಟಿನ ಮಾರ್ಷಲ್ ಸೂಪರ್ ಲೀಡ್. ಎಲ್ಲ ಗುಂಡಿಗಳನ್ನೂ ತುದಿಯವರೆಗೆ ತಿರುಗಿಸಿದಾಗ ಮಾತ್ರ ಅದರ ದನಿ ಹಣ್ಣಾಗುತ್ತದೆ. ಆ ಜೋರಿನಲ್ಲಿ ಸಣ್ಣ ಕ್ಲಬ್ಬಿನಲ್ಲಿ ನುಡಿಸಿದರೆ ಮಾಲೀಕ ಹೊರಗೆ ಹಾಕುತ್ತಾನೆ. ಇಂಗ್ಲೆಂಡಿನಿಂದ ತರಿಸಿದ, 220 ವೋಲ್ಟಿಗೆ ಹೊಂದಿಸಿದ್ದ ಇನ್ನೊಂದು ಮಾರ್ಷಲ್ಲನ್ನು ಅಮೆರಿಕದ ಪ್ಲಗ್ಗಿಗೆ ಸಿಕ್ಕಿಸಿದಾಗ ಅವನಿಗೆ ಒಂದು ವಿಷಯ ಹೊಳೆಯಿತು. ಸದ್ದು ಸಣ್ಣದು, ಗುಣ ಅದೇ. ಹಾಗಾದರೆ ತನ್ನ ಆಂಪಿಗೂ ಕರೆಂಟು ಕಡಿಮೆ ಮಾಡಿದರೆ? ಮೊದಲು ಮನೆಯ ದೀಪದ ಡಿಮ್ಮರಿಗೆ ಜೋಡಿಸಲು ಹೋಗಿ ಫ್ಯೂಸು ಹಾರಿಸಿದ. ಆಮೇಲೆ ವೇರಿಯಾಕ್ ತಂದ. ನಮ್ಮ ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ ಡಿಮ್ಮರ್‌ಸ್ಟ್ಯಾಟ್ ಅನ್ನುತ್ತೇವಲ್ಲ, ದುಂಡನೆಯ ಮೈ, ತಲೆಯ ಮೇಲೆ ತಿರುಗಿಸುವ ಕಪ್ಪು ಗುಂಡಿ, ಅದೇ. ವೋಲ್ಟೇಜನ್ನು ಸುಮಾರು 89ಕ್ಕೆ ಇಳಿಸಿ ನುಡಿಸಿದ.

ಆದರೆ ಸಂದರ್ಶನಗಳಲ್ಲಿ ಮೊದಮೊದಲು ಹೇಳಿದ್ದು ತಿರುಗಾಮುರುಗಾ. ವೋಲ್ಟೇಜನ್ನು 140ಕ್ಕೆ ಏರಿಸುತ್ತೇನೆ ಎಂದ. ಓದಿದ ಹುಡುಗರು ನಂಬಿದರು, ಏರಿಸಿದರು. ಆಂಪಿನೊಳಗಿನ ಕವಾಟಗಳ (ಗಾಜಿನ ವಾಲ್ವುಗಳ) ಬಿಸಿ ತಂತಿಗೆ ಬೇಕಾದದ್ದು 6.3 ವೋಲ್ಟ್. 120ರ ಜಾಗದಲ್ಲಿ 140 ಕೊಟ್ಟರೆ ಅದು 7.3 ದಾಟುತ್ತದೆ. ಒಳಗಿನ ಹೈ ವೋಲ್ಟೇಜು 470ರ ಆಸುಪಾಸಿನಿಂದ 550ರ ಹತ್ತಿರಕ್ಕೆ ಜಿಗಿಯುತ್ತದೆ. ಫಿಲ್ಟರ್ ಕೆಪಾಸಿಟರುಗಳು ಊದಿಕೊಳ್ಳುತ್ತವೆ, ಇಎಲ್34 ಕವಾಟಗಳ ತಗಡು ಕೆಂಪಗೆ ಕಾಯುತ್ತದೆ, ಕೊನೆಗೆ ಟ್ರಾನ್ಸ್‌ಫಾರ್ಮರ್ ವಾಸನೆ ಬರುತ್ತದೆ. ಅದು ಕುಚೋದ್ಯವೋ, ಗುಟ್ಟು ಕಾಯುವ ಉಪಾಯವೋ, ಎರಡೂ ಇದ್ದೀತು. ಗಿಟಾರಿನ ಮೇಲಿನ ಸತ್ತ ಸ್ವಿಚ್ಚು ಯಾರನ್ನೂ ಸುಡಲಿಲ್ಲ, ಈ ಸ್ವಿಚ್ಚು ಸುಟ್ಟಿತು. ಅವನನ್ನು ಎಷ್ಟೇ ಮೆಚ್ಚಿದರೂ ಈ ಒಂದು ಲೆಕ್ಕದಲ್ಲಿ ಅವನ ಪರ ವಾದಿಸುವುದು ನನಗೆ ಆಗದು.

ಇಳಿಸುವುದೂ ಪುಕ್ಕಟೆಯಲ್ಲ. ನಮ್ಮ 230 ವೋಲ್ಟಿನಲ್ಲಿ ಅದೇ ಪ್ರಮಾಣ ಎಂದರೆ ಸುಮಾರು 170. (ಬಯಲುಸೀಮೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ಲೈನೇ ಅಲ್ಲಿಗೆ ಇಳಿದಿರುತ್ತದೆ, ಡಿಮ್ಮರ್‌ಸ್ಟ್ಯಾಟ್ ಬೇಡ.) ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 100 ವಾಟು 55ರ ಹತ್ತಿರ ಬರುತ್ತದೆ. ಕಿವಿಗೆ ಅದು ಅರ್ಧದಷ್ಟು ಸದ್ದಲ್ಲ, ಒಂದು ಮೆಟ್ಟಿಲು ಕಡಿಮೆ ಅಷ್ಟೆ. ಬದಲಾಗುವುದು ಬೆರಳಿಗೆ ಸಿಗುವ ಹದ. ತಂತಿಯನ್ನು ಹೊಡೆದಾಗ ದನಿ ಒಮ್ಮೆ ಕುಸಿದು ಮೇಲೇಳುತ್ತದೆ, ಗಡಸು ಅಂಚು ಮೆತ್ತಗಾಗುತ್ತದೆ. ಅತ್ತ ಕವಾಟದ ಬಿಸಿ ತಂತಿಗೆ 4.7 ವೋಲ್ಟೇ ಸಿಗುತ್ತಿರುತ್ತದೆ. ಬಹಳ ದಿನ ಹಾಗೆ ಓಡಿಸಿದರೆ ಕ್ಯಾಥೋಡ್ ಸೊರಗುತ್ತದೆ. ಕವಾಟದಲ್ಲಿ ಎಷ್ಟು ಕರೆಂಟು ಹರಿಯಬೇಕೆಂದು ನಿರ್ಧರಿಸುವ ಬಯಸ್ ವೋಲ್ಟೇಜು ಕೂಡ ಜೊತೆಗೇ ಇಳಿದಿರುವುದರಿಂದ ಅದನ್ನು ಹೊಸದಾಗಿ ಹೊಂದಿಸಬೇಕು. ಹೊಂದಿಸಿದವರು ಮತ್ತೆ ಮರೆತು ಪೂರ್ತಿ 230ಕ್ಕೆ ಸಿಕ್ಕಿಸಿದರೆ ಕವಾಟ ಹೋಯಿತು. ಡಿಮ್ಮರ್‌ಸ್ಟ್ಯಾಟ್ ಆಟೋಟ್ರಾನ್ಸ್‌ಫಾರ್ಮರ್ ಆದ್ದರಿಂದ ಲೈನಿನಿಂದ ಪ್ರತ್ಯೇಕತೆ ಕೊಡುವುದಿಲ್ಲ, ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಮುಟ್ಟಲೇಬಾರದು. ಪ್ಲಗ್ಗು ಕಿತ್ತ ಮೇಲೂ ಆಂಪಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ಕರೆಂಟು ನಿಂತಿರಬಹುದು. ಇನ್ನು ನಮ್ಮ ಬಹುಪಾಲು ಮನೆಗಳಲ್ಲಿರುವ ಡಿಜಿಟಲ್ ಆಂಪುಗಳಿಗೆ ಈ ಆಟ ನಡೆಯುವುದೇ ಇಲ್ಲ. ಅವುಗಳ ಪವರ್ ಸಪ್ಲೈ 100ರಿಂದ 240ರವರೆಗೆ ಏನು ಕೊಟ್ಟರೂ ಒಳಗೆ ಅದೇ ವೋಲ್ಟೇಜು ಮಾಡಿಕೊಳ್ಳುತ್ತದೆ. ಅದಕ್ಕೂ ಕೆಳಗೆ ಹೋದರೆ ಆರಿಹೋಗುತ್ತದೆ.

ಈ ಎಲ್ಲ ಸರ್ಕಸ್ಸು 'ಬ್ರೌನ್ ಸೌಂಡ್' ಎಂಬ ಹೆಸರಿನ ಬೆನ್ನುಹತ್ತಿ. ಕಂದು ಬಣ್ಣದ, ಮರದಂಥ, ಬೆಚ್ಚನೆಯ ದನಿ. ಆ ಹೆಸರು ಮೊದಲು ಬಂದದ್ದು ಗಿಟಾರಿಗಲ್ಲ, ಬ್ಯಾಂಡಿನಲ್ಲಿ ಡ್ರಮ್ ನುಡಿಸುತ್ತಿದ್ದ ಅಣ್ಣ ಅಲೆಕ್ಸ್‌ನ ಸ್ನೇರ್ ಡ್ರಮ್ಮಿಗೆ. ಎಡ್ಡಿಯೇ ಹೇಳಿದ ಮಾತು. ನಲವತ್ತು ವರ್ಷದಿಂದ ಜನ ಟ್ರಾನ್ಸ್‌ಫಾರ್ಮರಿನೊಳಗೆ ಹುಡುಕುತ್ತಿರುವುದು ಪಕ್ಕದಲ್ಲಿ ಕೂತವನ ಮದ್ದಳೆಯಲ್ಲಿತ್ತು. ಅವರ ಹಾಡುಗಳನ್ನು ಸೋಲೊ ಬಿಟ್ಟು ಕೇಳಿದರೆ ಗೊತ್ತಾಗುತ್ತದೆ. ಗಿಟಾರು ತಾಳಕ್ಕಿಂತ ಒಂದು ಎಳೆ ಮುಂದೆ ಓಡುತ್ತದೆ, ಡ್ರಮ್ಮು ಒಂದು ಎಳೆ ಹಿಂದಕ್ಕೆ ಎಳೆಯುತ್ತದೆ, ಆ ಜಗ್ಗಾಟದಲ್ಲೇ ಅದರ ತೂಗು ಇದೆ. ಅದನ್ನು ಪೆಡಲ್ ಮಾಡಿ ಮಾರುವುದು ಸಾಧ್ಯವಿಲ್ಲದ್ದರಿಂದ ಯಾರೂ ಮಾರುತ್ತಿಲ್ಲ.

ಬೆನ್ನು ತಿರುಗಿಸಿ

ಹಾಲಿವುಡ್ಡಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ದಿನಗಳಲ್ಲಿ, ಸೋಲೊದ ಒಂದು ಭಾಗ ಬಂದಾಗ ಎಡ್ಡಿ ಕೇಳುಗರಿಗೆ ಬೆನ್ನು ತಿರುಗಿಸುತ್ತಿದ್ದ. ಅಣ್ಣನ ಬುದ್ಧಿವಾದ ಅದು, ಇನ್ನೂ ರೆಕಾರ್ಡ್ ಬಂದಿಲ್ಲ, ಯಾರಾದರೂ ಕದ್ದಾರು. ಎದುರಿಗೆ ನಿಂತವರಿಗೆ ಕೀಬೋರ್ಡಿನಂತೆ ಉರುಳುವ ಸ್ವರಗಳು ಕೇಳುತ್ತಿದ್ದವು, ಕಾಣುತ್ತಿದ್ದದ್ದು ಭುಜ ಮಾತ್ರ. 1977ರಲ್ಲಿ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಮೊದಲ ಆಲ್ಬಮ್ ನಡೆಯುತ್ತಿದ್ದಾಗ ಕ್ಲಬ್ಬಿನ ಕಾರ್ಯಕ್ರಮಕ್ಕೆಂದು ಅದನ್ನೇ ಅಭ್ಯಾಸ ಮಾಡುತ್ತಿದ್ದ. ನಿರ್ಮಾಪಕ ಟೆಡ್ ಟೆಂಪಲ್‌ಮನ್ ಕಿವಿಗೆ ಬಿತ್ತು. ಪಟ್ಟಿಯಲ್ಲೇ ಇಲ್ಲದ ಅದನ್ನು ಕೂಡಲೇ ಟೇಪಿಗೆ ಹಿಡಿದರು. 'ಇರಪ್ಷನ್', 1 ನಿಮಿಷ 42 ಸೆಕೆಂಡ್. ಅದರಲ್ಲೊಂದು ತಪ್ಪಿದೆ, ಇನ್ನೂ ಚೆನ್ನಾಗಿ ನುಡಿಸಬಹುದಿತ್ತು ಎಂದು ಅವನು ಹೇಳಿಕೊಳ್ಳುತ್ತಲೇ ಇದ್ದ.

ಬಲಗೈ ಬೆರಳಿನಿಂದ ಫ್ರೆಟ್ ಬಡಿಯುವುದು, ಅಂದರೆ ಟ್ಯಾಪಿಂಗ್, ಅವನಿಗಿಂತ ಮುಂಚೆಯೂ ಇತ್ತು. ಜೆನೆಸಿಸ್ ಬ್ಯಾಂಡಿನ ಸ್ಟೀವ್ ಹ್ಯಾಕೆಟ್ 1971ರಲ್ಲೇ ರೆಕಾರ್ಡಿನಲ್ಲಿ ಮಾಡಿದ್ದಾನೆ. ಎಡ್ಡಿ ಅದನ್ನು ಚಮತ್ಕಾರದಿಂದ ಎತ್ತಿ ಭಾಷೆ ಮಾಡಿದ. ಕೊನೆಯ ಭಾಗದ ಮೊದಲ ಆಕೃತಿಯನ್ನು ನೋಡಿ. ಬಿ ತಂತಿ, 9ನೇ ಫ್ರೆಟ್ಟಿನಲ್ಲಿ ಬಲಗೈ ಬಡಿತ, ಅದನ್ನು ಎಳೆದು ಬಿಟ್ಟಾಗ ಎಡಗೈ ತೋರುಬೆರಳು ಹಿಡಿದಿರುವ 2ನೇ ಫ್ರೆಟ್ ನುಡಿಯುತ್ತದೆ, ಆಮೇಲೆ ಕಿರುಬೆರಳು 5ರಲ್ಲಿ ಬಡಿಯುತ್ತದೆ. ಮೂರು ಸ್ವರ, ಒಂದು ಮೈನರ್ ಕಾರ್ಡು, ತಿಶ್ರದ ಓಟ. ಎಡಗೈ ಸ್ಥಾನ ಒಂದೊಂದೇ ಜರುಗುತ್ತ ಕಾರ್ಡು ಬದಲಾಗುತ್ತ ಹೋಗುತ್ತದೆ. ಚಿಕ್ಕಂದಿನಲ್ಲಿ ಪಿಯಾನೊ ಕಲಿತವನ ಯೋಚನೆ ಅದು, ಗಿಟಾರಿನವನದಲ್ಲ. ರೆಕಾರ್ಡಿನ ಜೊತೆ ಕೂಡಿಸಿ ನುಡಿಸಲು ಹೊರಟವರು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಯಾವುದೂ ಹೊಂದುವುದಿಲ್ಲ.

ಕಲಿಯುವವರು ಎಡವುವುದು ವೇಗದಲ್ಲಿ ಅಂದುಕೊಂಡಿದ್ದಾರೆ. ಎಡವುವುದು ಗದ್ದಲದಲ್ಲಿ. ಗೇನ್ ಜಾಸ್ತಿ ಇದ್ದಾಗ ಮುಟ್ಟದ ತಂತಿಗಳೂ ಹಾಡುತ್ತವೆ. ಕೆಳಸ್ವರದ ತಂತಿಗಳ ಮೇಲೆ ಬಲ ಅಂಗೈ ಅಂಚು ಒರಗಿರಬೇಕು, ತೆಳು ಇ ತಂತಿಯನ್ನು ಎಡಗೈ ತೋರುಬೆರಳಿನ ಒಳಮೈ ಮುಚ್ಚಿರಬೇಕು. ಎರಡನೆಯ ತಪ್ಪು ಎಂದರೆ ಬಡಿದ ಬೆರಳನ್ನು ಮೇಲಕ್ಕೆ ಎತ್ತುವುದು. ಎತ್ತಿದರೆ ಮುಂದಿನ ಸ್ವರ ಸತ್ತು ಹುಟ್ಟುತ್ತದೆ. ಪಕ್ಕಕ್ಕೆ, ತಂತಿಯನ್ನು ಮೀಟಿದಂತೆ ಜಾರಿಸಬೇಕು. ಎಡ್ಡಿ ಪಿಕ್ಕನ್ನು ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಹಿಡಿಯುತ್ತಿದ್ದ, ತೋರುಬೆರಳು ಸದಾ ಖಾಲಿ. ಎಲ್ಲರಂತೆ ತೋರುಬೆರಳಲ್ಲಿ ಹಿಡಿಯುವವರು ಅವನ ಹಾಗೆ ಪಿಕ್ ಬದಲಿಸಲು ಹೋಗದೆ ನಡುಬೆರಳಿನಿಂದ ಬಡಿಯುವುದು ಲೇಸು. ಅಭ್ಯಾಸವನ್ನು ಗೇನ್ ಇಲ್ಲದೆ ಮಾಡಿ. ಮೂರೂ ಸ್ವರ ಒಂದೇ ತೂಕದಲ್ಲಿ ಕೇಳುವ ತನಕ ಡಿಸ್ಟಾರ್ಷನ್ (ದನಿಯನ್ನು ಒಡೆಸಿ ಒರಟಾಗಿಸುವುದು) ಮುಟ್ಟಬಾರದು.

ನಮ್ಮಲ್ಲಿ ಅನೇಕರ ಕಿವಿಗೆ ಎಡ್ಡಿ ಬಿದ್ದದ್ದು ವ್ಯಾನ್ ಹ್ಯಾಲೆನ್ ಬ್ಯಾಂಡಿನಿಂದ ಅಲ್ಲ, ಮೈಕಲ್ ಜಾಕ್ಸನ್‌ನ ಕ್ಯಾಸೆಟ್ಟಿನಿಂದ. 1982ರ ಕೊನೆಗೆ ಬಂದ 'ಥ್ರಿಲ್ಲರ್'ನ 'ಬೀಟ್ ಇಟ್' ಹಾಡಿನ ಸೋಲೊ ಅವನದು. ದುಡ್ಡು ತೆಗೆದುಕೊಳ್ಳದೆ ನುಡಿಸಿದ್ದು. ಹೆಸರು ಗೊತ್ತಿಲ್ಲದೆಯೇ ಎಷ್ಟೋ ಊರುಗಳ ಆರ್ಕೆಸ್ಟ್ರಾ ಗಿಟಾರಿಸ್ಟುಗಳು ಅದನ್ನು ಕೇಳಿದ್ದಾರೆ.

ಬಿ ತಂತಿಯ ಗಾಂಧಾರ

ಇನ್ನೊಂದು ವಿಷಯ ಇದೆ, ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ತಟ್ಟನೆ ಹಿಡಿಯುವಂಥದ್ದು. ಎಡ್ಡಿ ಬಿ ತಂತಿಯನ್ನು ಟ್ಯೂನರ್ ಹೇಳುವುದಕ್ಕಿಂತ ಒಂದು ಚೂರು ಇಳಿಸಿ ಶ್ರುತಿ ಮಾಡುತ್ತಿದ್ದ. ಗಿಟಾರಿನ ಫ್ರೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕ. ಅದರಲ್ಲಿ ಷಡ್ಜದಿಂದ ಅಂತರ ಗಾಂಧಾರಕ್ಕೆ 400 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್). ತಂಬೂರಿಯ ಮಂದ್ರ ತಂತಿಯಿಂದ ತಾನೇ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ 386. ಈ 14 ಸೆಂಟಿನ ಅಂತರ ಸಾದಾ ಗಿಟಾರಿನಲ್ಲಿ ಯಾರಿಗೂ ಚುಚ್ಚುವುದಿಲ್ಲ. ಡಿಸ್ಟಾರ್ಷನ್ ಹಾಕಿದಾಗ ಎರಡು ಸ್ವರಗಳು ಗುಣಿಸಿಕೊಂಡು ಹುಟ್ಟುವ ಉಪಸ್ವರಗಳೆಲ್ಲ ಹೊಯ್ದಾಡಿ ಮೇಜರ್ ಕಾರ್ಡು ಕೆಸರಾಗುತ್ತದೆ. ರಾಕ್ ಗಿಟಾರಿಸ್ಟುಗಳು ಗಾಂಧಾರವನ್ನೇ ಬಿಟ್ಟು ಷಡ್ಜ ಪಂಚಮದ 'ಪವರ್ ಕಾರ್ಡ್' ಹಿಡಿಯುವುದು ಅದಕ್ಕೇ. ಎಡ್ಡಿ ಗಾಂಧಾರ ಬಿಡಲೊಪ್ಪದೆ ತಂತಿಯನ್ನೇ ಇಳಿಸಿದ. ಎ ಮೇಜರ್‌ನಲ್ಲಿ ಗಾಂಧಾರ ಬೀಳುವುದು ಬಿ ತಂತಿಯ 2ನೇ ಫ್ರೆಟ್ಟಿನಲ್ಲಿ, ಅಲ್ಲಿ ಅದು ಜೇನು. ಬೆಲೆ ಇನ್ನೊಂದು ಕಡೆ ತೆರಬೇಕು. ಇ ಮೇಜರ್‌ನಲ್ಲಿ ಅದೇ ಬಿ ತಂತಿ ಪಂಚಮ, ಅದು ಇಳಿದು ಬಾಡುತ್ತದೆ. ಆದ್ದರಿಂದ ಯಾವ ಹಾಡಿಗೆ ಯಾವ ಕಾರ್ಡು ಎಂದು ನೋಡಿಕೊಂಡು ಇಳಿಸಬೇಕು, ಅಥವಾ ಆ ತಂತಿಯನ್ನು ಆ ಕಾರ್ಡಿನಲ್ಲಿ ಮೀಟಬಾರದು. ನಕಲು ಮಾಡಿದವರಲ್ಲಿ ಇದನ್ನು ಹಿಡಿದವರು ಬಲು ಕಡಿಮೆ, ಟ್ಯೂನರಿನ ಹಸಿರು ದೀಪಕ್ಕೆ ನಿಷ್ಠರು.

ಎಡ್ಡಿಯ ಪ್ರಭಾವ ಅವನು ಎಣಿಸದ ಕಡೆಗೂ ಹರಿದಿದೆ. 1992ರಲ್ಲಿ ಅವನಿಗಾಗಿ ಪೀವಿ ಕಂಪನಿ ಮಾಡಿದ 5150 ಆಂಪು, ಈಗ 6505 ಎಂಬ ಹೆಸರಿನಲ್ಲಿರುವುದು, ಸ್ವೀಡನ್ನಿನ ಡೆತ್ ಮೆಟಲ್‌ನಿಂದ ಹಿಡಿದು ಅಮೆರಿಕದ ಮೆಟಲ್‌ಕೋರ್‌ವರೆಗೆ ಎಲ್ಲರ ಮನೆದೇವರಾಯಿತು. ನಗುನಗುತ್ತ ನುಡಿಸುತ್ತಿದ್ದವನ ಆಂಪಿನಿಂದ ಲೋಕದ ಅತಿ ಕತ್ತಲ ಸಂಗೀತ. ಲ್ಯಾಪ್‌ಟಾಪಿಗೆ ಗಿಟಾರ್ ಸಿಕ್ಕಿಸಿ ಮೆಟಲ್ ನುಡಿಸುವ ನಮ್ಮ ಹುಡುಗರು ತೆರೆಯುವ ಸಾಫ್ಟ್‌ವೇರ್ ಆಂಪುಗಳಲ್ಲಿ ಒಂದಾದರೂ ಅದರ ನೆರಳಾಗಿರುತ್ತದೆ. ಅದರ ಗೇನ್ 3 ಅಥವಾ 4 ಸಾಕು, ಮುಂದೆ ಒಂದು ಟ್ಯೂಬ್ ಸ್ಕ್ರೀಮರ್ ಪೆಡಲ್, ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. 10ಕ್ಕೆ ತಿರುಗಿಸಿದರೆ ಜೇನುಗೂಡಿಗೆ ಕಲ್ಲು ಹೊಡೆದಂತೆ.

ಮಗ

2022ರ ಸೆಪ್ಟೆಂಬರ್ 3, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಡ್ರಮ್ಮರ್ ಟೇಲರ್ ಹಾಕಿನ್ಸ್ ನೆನಪಿನ ಕಾರ್ಯಕ್ರಮ. ವೋಲ್ಫ್‌ಗ್ಯಾಂಗ್ ವ್ಯಾನ್ ಹ್ಯಾಲೆನ್ ವೇದಿಕೆಗೆ ಬಂದು ತಂದೆಯ ಎರಡು ಹಾಡು ನುಡಿಸಿದ, 'ಆನ್ ಫೈರ್' ಮತ್ತು 'ಹಾಟ್ ಫಾರ್ ಟೀಚರ್'. ಎರಡನೆಯದರ ಆರಂಭದ ಟ್ಯಾಪಿಂಗ್ ಬಿಡಿಸಿಟ್ಟಷ್ಟು ಸ್ವಚ್ಛವಾಗಿತ್ತು. ಹದಿನಾರರ ವಯಸ್ಸಿಗೇ ತಂದೆಯ ಬ್ಯಾಂಡಿನಲ್ಲಿ ಬಾಸ್ ಹಿಡಿದು ಪ್ರವಾಸ ಹೊರಟವನು, ಅವನಿಗೆ ಅದು ಬಾರದೆ ಇರುತ್ತದೆಯೇ? ಗಮನಿಸಬೇಕಾದದ್ದು ಅದಲ್ಲ. ತನ್ನ ಸ್ವಂತ ಕಾರ್ಯಕ್ರಮಗಳಲ್ಲಿ ಅವನು ತಂದೆಯ ಹಾಡುಗಳನ್ನು ನುಡಿಸುವುದಿಲ್ಲ, ಜನ ಎಷ್ಟು ಕೂಗಿದರೂ. 2021ರಲ್ಲಿ ಬಂದ ಅವನ ಮೊದಲ ಆಲ್ಬಮ್ಮಿನಲ್ಲಿ ಗಿಟಾರು, ಬಾಸು, ಡ್ರಮ್ಮು, ಹಾಡು ಎಲ್ಲವೂ ಅವನೊಬ್ಬನದೇ. ಬ್ಯಾಂಡಿಗೆ ಇಟ್ಟ ಹೆಸರು ಮಾತ್ರ ಮ್ಯಾಮತ್, ವ್ಯಾನ್ ಹ್ಯಾಲೆನ್ ಬ್ಯಾಂಡಿಗೆ ಆ ಹೆಸರು ಬರುವ ಮುಂಚೆ ಇದ್ದ ಹೆಸರು. ತಂದೆಯ ಸ್ವರಗಳನ್ನು ಬಿಟ್ಟು ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಚಾಳಿಯನ್ನು ಉಳಿಸಿಕೊಂಡ. ಪಟ್ಟೆ ಬಳಿದ ನೂರಾರು ಜನರಿಗಿಂತ ಇವನು ಎಡ್ಡಿಗೆ ಹತ್ತಿರ ಎಂದು ನನ್ನ ಎಣಿಕೆ, ರಕ್ತಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೂ.

ನಾಣ್ಯ

ಫ್ರ್ಯಾಂಕನ್‌ಸ್ಟೈನ್ ಮೇಲೆ, ಸೇತುವೆಯ ಅಂಚಿನಡಿ, 1971ರ ಇಪ್ಪತ್ತೈದು ಸೆಂಟಿನ ನಾಣ್ಯವೊಂದನ್ನು ಸ್ಕ್ರೂ ಹಾಕಿ ಕೂರಿಸಿದೆ. ಪಡಿಯಚ್ಚು ಮಾಡುವವರು ಅದೇ ಇಸವಿಯ ನಾಣ್ಯ ಹುಡುಕಿ ಹಾಕುತ್ತಾರೆ. ಇಸವಿಗೂ ಸದ್ದಿಗೂ ಸಂಬಂಧವಿಲ್ಲ, ದಪ್ಪಕ್ಕೆ ಇದೆ. ಫ್ಲಾಯ್ಡ್ ರೋಸ್ ಎಂಬ ಬೀಗದ ಟ್ರೆಮೊಲೊ ಸಾಮಾನ್ಯವಾಗಿ ತೇಲುತ್ತಿರುತ್ತದೆ. ಮುಂದೆ ತಂತಿಗಳ ಎಳೆತ, ಹಿಂದೆ ಸ್ಪ್ರಿಂಗುಗಳ ಎಳೆತ, ನಡುವೆ ತಕ್ಕಡಿ. ಒಂದು ತಂತಿ ತುಂಡಾದರೆ ತಕ್ಕಡಿ ವಾಲಿ ಉಳಿದ ಐದೂ ಶ್ರುತಿ ತಪ್ಪುತ್ತವೆ. ಸೇತುವೆ ಹಿಂದಕ್ಕೆ ವಾಲದಂತೆ ಅಡಿಯಲ್ಲಿ ಏನಾದರೂ ತಡೆ ಕೊಟ್ಟರೆ, ಹಿಡಿಕೆ ಕೆಳಕ್ಕೆ ಮಾತ್ರ ಹೋಗುತ್ತದೆ, ಬಿಟ್ಟಾಗ ಪ್ರತಿ ಸಲ ಅದೇ ಜಾಗಕ್ಕೆ ಬಂದು ಕೂರುತ್ತದೆ. ದಪ್ಪ ಇ ತಂತಿಯನ್ನು ಒಂದು ಎಳೆತಕ್ಕೆ ಡಿಗೆ ಇಳಿಸುವ ಅವನ ಡಿ-ಟ್ಯೂನ ಸಲಕರಣೆ ಕೆಲಸ ಮಾಡುವುದೂ ಹೀಗೆ ತಡೆ ಇದ್ದರೆ ಮಾತ್ರ.

ಮಾಡಿಕೊಳ್ಳುವವರು ಮೊದಲು ಗಿಟಾರನ್ನು ಶ್ರುತಿ ಮಾಡಿ, ಸೇತುವೆ ಮೈಗೆ ಸಮಾನಾಂತರವಾಗಿದೆಯೇ ನೋಡಿ, ಹಿಂಬದಿಯ ಅಂಚಿಗೂ ಮರಕ್ಕೂ ನಡುವಿನ ಸಂದನ್ನು ಫೀಲರ್ ಗೇಜಿನಲ್ಲೋ ಹಳೆಯ ಎಟಿಎಂ ಕಾರ್ಡುಗಳನ್ನು ಒಂದರ ಮೇಲೊಂದು ತುರುಕಿಯೋ ಅಳೆಯಿರಿ. ಒಂದು ಕಾರ್ಡು ಎಂದರೆ 0.76 ಮಿ.ಮೀ. ತಡೆ ಕೂರಿಸಿದ ಮೇಲೆ ಹಿಂಬದಿಯ ಸ್ಪ್ರಿಂಗಿನ ಎರಡು ಸ್ಕ್ರೂಗಳನ್ನು ಅರ್ಧ ಸುತ್ತು ಬಿಗಿ ಮಾಡಿ, ಸೇತುವೆ ತಡೆಗೆ ಒತ್ತಿಕೊಂಡು ಕೂರಲಿ. ತೀರಾ ಬಿಗಿಯಾದರೆ ಹಿಡಿಕೆ ಗಡುಸಾಗುತ್ತದೆ. ರೂಪಾಯಿ ನಾಣ್ಯಕ್ಕೆ ತೂತು ಕೊರೆಯಲು ಹೋಗಬೇಡಿ, 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಹಾಳುಮಾಡುವುದನ್ನು ಒಪ್ಪುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ತೆಳು ವಾಷರುಗಳು ಸಿಗುತ್ತವೆ, ತೂತು ಮೊದಲೇ ಇರುತ್ತದೆ.